ಆಮ್ಲ ಬೇಡ, ಆಮ್ಲಜನಕ ಸಾಕು

ಬೀದಿಯ ತಿರುವಿನಲ್ಲಿ ಬೀಗ ರಿಪೇರಿ ಅಂಗಡಿ, ಅದರ ಹಿಂದೆಯೇ ರಿಪೇರಿಯವರ ಮನೆ. ಅಂಗಡಿಯ ಗೋಡೆ ತುಂಬ ಕೀಲಿಗಳು, ಮನೆಯ ಒಳಕೋಣೆಯಲ್ಲಿ ಅವರ ಅಮ್ಮ. ಅಮ್ಮನ ಶ್ವಾಸಕೋಶ ಸೋತು ವರ್ಷವಾಗಿತ್ತು. ಮೂಗಿಗೆ ಕೊಳವೆ, ಪಕ್ಕದಲ್ಲಿ ಆಮ್ಲಜನಕದ ಯಂತ್ರ. ಕರೆಂಟು ಹೋದರೆ ಯಂತ್ರಕ್ಕೆ ಯುಪಿಎಸ್ಸೇ ಗತಿ, ಯುಪಿಎಸ್‌ಗೆ ಹಜಾರದಲ್ಲಿದ್ದ ನಾಲ್ಕು ವರ್ಷದ ಸೀಸ-ಆಮ್ಲದ ಬ್ಯಾಟರಿಯೇ ಗತಿ.

ಆ ಬ್ಯಾಟರಿ ರಿಪೇರಿಯವರಿಗೆ ಕೈಗೂಸು. ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ಕುಡಿಸುವರು. ಇತ್ತೀಚೆಗೆ ಅದು ಅರ್ಧ ಗಂಟೆಗೇ ಸುಸ್ತಾಗುತ್ತಿತ್ತು. ಬದಲಿಸೋಣವೆಂದು ಹೆಂಡತಿ ಹೇಳಿದರೆ, ಯುಪಿಎಸ್‌ನ ಹಸಿರು ದೀಪ ಉರಿಯುತ್ತಿದೆಯಲ್ಲ ಎಂದು ಬಾಯಿ ಮುಚ್ಚಿಸುವರು.

ಅಮ್ಮನಿಗೆ ಮಿಮಿಕ್ರಿ ಚಟ. ಬ್ಯಾಟರಿ ಖಾಲಿಯಾಗುವಾಗ ಯುಪಿಎಸ್ ಹೊರಡಿಸುವ 'ಕುಂಯ್ ಕುಂಯ್' ಅನ್ನು ಥೇಟ್ ಹಾಗೆಯೇ ಕೂಗಿ, ಮಗನನ್ನು ಅಂಗಡಿಯಿಂದ ಓಡೋಡಿ ಬರುವಂತೆ ಮಾಡುವರು. ಬಂದ ಮೇಲೆ, "ನಿನ್ ಮುಖ ನೋಡ್ಬೇಕು ಅನ್ನಿಸ್ತು ಕಣೋ" ಎನ್ನುವರು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಹತ್ತೇ ನಿಮಿಷಕ್ಕೆ ಒಳಗಿನಿಂದ ಕುಂಯ್ ಕುಂಯ್. ರಿಪೇರಿಯವರು ಕೀಲಿಗೆ ಅರ ಉಜ್ಜುತ್ತಲೇ, "ಸಾಕಮ್ಮ ನಿನ್ನ ನಾಟಕ" ಎಂದರು. ಕೂಗು ನಿಂತಿತು. ಅವರು ನಕ್ಕರು ಕೂಡ.

ನಿಂತದ್ದು ಯಂತ್ರ.

ಹಿತ್ತಲಿನಿಂದ ಬಂದ ಹೆಂಡತಿ ನೋಡಿದಾಗ ಅಮ್ಮನ ತುಟಿ ನೀಲಿಗಟ್ಟಿತ್ತು. ಮೂಲೆಯಲ್ಲಿ ಆಮ್ಲಜನಕದ ಚಿಕ್ಕ ಸಿಲಿಂಡರ್ ಇತ್ತು. ಅದನ್ನು ತೆರೆಯುವ ಕೀಲಿ ಮಾತ್ರ ಅಂಗಡಿಯ ಗೋಡೆಯ ಮೇಲೆ, ನೂರಾರು ಕೀಲಿಗಳ ನಡುವೆ. ಕಂಡವರ ಬೀಗವನ್ನೆಲ್ಲ ತೆರೆದ ಕೈಗೆ ಆ ಒಂದು ಕೀಲಿ ಸಿಗುತ್ತಿಲ್ಲ. "ರೀ, ಬೇಗ" ಎನ್ನುವ ಹೆಂಡತಿಯ ದನಿ ಸಣ್ಣದಾಗುತ್ತ ಹೋಯಿತು. ಕೊನೆಗೆ ಮೂರನೇ ಸಾಲಿನಲ್ಲಿ, ಯಾರದೋ ಬೀರುವಿನ ಕೀಲಿಯ ಹಿಂದೆ ಸಿಕ್ಕಿತು. ಅಮ್ಮನ ಎದೆ ಮತ್ತೆ ಸರಿಯಾಗಿ ಏರಿಳಿಯುವವರೆಗೆ ಮನೆಯಲ್ಲಿ ಯಾರೂ ಉಸಿರು ಬಿಡಲಿಲ್ಲ.

ಸಂಜೆ ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಬಂದರು. ಎಲ್ಲರ ಬಾಯಲ್ಲಿ ಅವರು ಕರೆಂಟಕ್ಕ. ದೀಪ ಹಸಿರಾದರೇನು, ಒಳಗಿನ ಸೀಸದ ಫಲಕ ಸತ್ತಿದೆ ಎಂದರು. ಲಿಥಿಯಂ ಬ್ಯಾಟರಿ ಹಾಕಿಸಿದರೆ ನೀರು ಕೇಳುವುದಿಲ್ಲ, ಆಮ್ಲ ಚೆಲ್ಲುವುದಿಲ್ಲ, ಬೇಗ ಚಾರ್ಜ್ ಆಗುತ್ತದೆ, ಹೆಚ್ಚು ವರ್ಷ ಬಾಳುತ್ತದೆ. ಬೆಲೆ ಮಾತ್ರ ಮೊದಲಿಗೆ ಜಾಸ್ತಿ ಎಂದು ಬಿಡಿಸಿ ಹೇಳಿದರು.

ರಿಪೇರಿಯವರು ಮೂಲೆಯ ಸಿಲಿಂಡರಿನತ್ತ ಕೈ ತೋರಿಸಿದರು. "ಫೋನ್ ಬ್ಯಾಟರಿ ಸಿಡಿಯೋದು ಕೇಳಿಲ್ವಾ ಅಕ್ಕ? ಆಮ್ಲಜನಕ ಇರೋ ಮನೇಲಿ ಬೆಂಕಿ ಸಾಕೋದಾ?"

"ಹೆದರ್ಕೊಳ್ಳೋದು ಸರಿನೇ ಅಣ್ಣ. ಮನೆ ಯುಪಿಎಸ್‌ಗೆ ಬರೋ ಲಿಥಿಯಂ ಐರನ್ ಫಾಸ್ಫೇಟ್ ಅದಕ್ಕಿಂತ ಸ್ವಲ್ಪ ಸಾಧು. ಆದ್ರೂ ಬಿಡಿ ಸೆಲ್ ಜೋಡಿಸಿ ಕೊಡೋರ ಹತ್ರ ಹೋಗ್ಬೇಡಿ. ಒಳ್ಳೇ ಪ್ಯಾಕಲ್ಲಿ ಕಾವಲು ಸರ್ಕ್ಯೂಟ್ ಇರುತ್ತೆ, ಬಿಸಿ ಹೆಚ್ಚಾದ್ರೆ ತಾನೇ ನಿಲ್ಲಿಸುತ್ತೆ. ಅದಿಲ್ದಿದ್ರೆ ಬೀಗ ಇಲ್ದಿರೋ ಬಾಗಿಲು."

ಹಾಗಾದರೆ ಹಳೇ ಯುಪಿಎಸ್‌ಗೇ ಸಿಕ್ಕಿಸೋಣವೇ ಎಂದು ಇವರು ಕೇಳಿದರು. ಅದರ ಚಾರ್ಜರು ಆಮ್ಲದ ಬ್ಯಾಟರಿಗೆ ಮಾಡಿದ್ದು, ಲಿಥಿಯಂಗೆ ಹೊಂದುವ ಯುಪಿಎಸ್ಸೇ ಬೇಕು ಎಂದರು ಅಕ್ಕ. "ಇವರ ಮನೆ ಕೀಲಿ ಅವರ ಮನೆ ಬೀಗಕ್ಕೆ ತುರುಕ್ತೀರಾ?"

ರಿಪೇರಿಯವರು ಇನ್ನೂ ಅನುಮಾನಿಸುತ್ತಿದ್ದಾಗ ಮಂಚದಿಂದ ಸಣ್ಣ ದನಿ ಬಂತು: "ನಂಗೆ ಆಮ್ಲ ಬೇಡ ಕಣೋ. ಆಮ್ಲಜನಕ ಸಾಕು."

ಆ ವಾರವೇ ಬ್ಯಾಟರಿ, ಯುಪಿಎಸ್ ಎರಡೂ ಹೊಸವು ಬಂದವು.

ತಿಂಗಳ ಮೊದಲ ದಿನ ರಿಪೇರಿಯವರು ಅಭ್ಯಾಸಬಲದಿಂದ ನೀರಿನ ಬಾಟಲಿ ಹಿಡಿದು ಹೊಸ ಪೆಟ್ಟಿಗೆಯ ಸುತ್ತ ಮುಚ್ಚಳ ಹುಡುಕುತ್ತಿದ್ದರು. ಒಳಗಿನಿಂದ ಕುಂಯ್ ಕುಂಯ್. ಬಾಟಲಿ ಬಿಟ್ಟು ಓಡಿದರು. ಅಮ್ಮ ನಗುತ್ತಿದ್ದರು. ಮಗ ಬಯ್ಯಲಿಲ್ಲ. ಸಿಲಿಂಡರಿನ ಕೊರಳಿಗೆ ಕಟ್ಟಿದ್ದ ಕೀಲಿಯನ್ನೊಮ್ಮೆ ಮುಟ್ಟಿ ನೋಡಿ ಅಂಗಡಿಗೆ ಹೋದರು.

ನಿಮ್ಮ ಮನೆಯಲ್ಲೂ ಯಂತ್ರದ ಮೇಲೆ ನಿಂತ ಜೀವವಿದೆಯೇ? ಹಸಿರು ದೀಪ ನಂಬಬೇಡಿ, ತಿಳಿದವರಿಂದ ಬ್ಯಾಟರಿ ಪರೀಕ್ಷೆ ಮಾಡಿಸಿ. ಲಿಥಿಯಂ ಹಾಕಿಸುವುದಾದರೆ ಹೊಂದುವ ಯುಪಿಎಸ್ ಜೊತೆಗೇ ಹಾಕಿಸಿ. ಹಳೆಯದನ್ನು ಒಡೆಯಬೇಡಿ, ಎಸೆಯಬೇಡಿ; ಬ್ಯಾಟರಿ ಅಂಗಡಿಗೇ ಹಿಂದಿರುಗಿಸಿ. ಸಿಲಿಂಡರ್ ತುಂಬಿರಲಿ, ಕೀಲಿ ಅದರ ಮೈಮೇಲೇ ಇರಲಿ. ಮತ್ತೆ, ಕೂಗಿದ್ದು ಅಮ್ಮನೋ ಯಂತ್ರವೋ, ಮೊದಲು ಎದ್ದು ನೋಡಿ.