ಸಣ್ಣ ಬಾಟಲಿಯ ಹಾಲು

ಮಾರ್ಚ್ ಹದಿನೇಳು, ಮಂಗಳವಾರ, ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷ. ಆಸ್ಪತ್ರೆಯ ನೆಲಮಹಡಿಯಲ್ಲಿದ್ದ ಹಾಲಿನ ಕೋಣೆಯ ಬಾಗಿಲು ತೆಗೆದಾಗ ಪಾತ್ರೆ ತೊಳೆಯುವ ತೊಟ್ಟಿಯ ತುಂಬ ತೊಳೆಯದ ಬಾಟಲಿಗಳು ಹಾಗೇ ಬಿದ್ದಿದ್ದವು. ಮೊಮ್ಮಗಳನ್ನು ಮಣ್ಣು ಮಾಡಿದ ಮೇಲೆ ಹಾಲು ಕಾಯಿಸುವ ಆ ಹಿರಿಯರು ಕೆಲಸಕ್ಕೆ ಬಂದದ್ದು ಅದೇ ಮೊದಲು.

ಆಯುಷ್ಯದ ಅರ್ಧವನ್ನು ದೊಡ್ಡದೊಂದು ಡೈರಿಯಲ್ಲಿ ಹಾಲು ಕಾಯಿಸುವುದರಲ್ಲೇ ಕಳೆದು ನಿವೃತ್ತರಾದವರು ಅವರು. ಕೈಕಟ್ಟಿ ಕೂರುವ ಜಾಯಮಾನವಲ್ಲ. ತಾಯಂದಿರು ದಾನ ಕೊಟ್ಟ ಎದೆಹಾಲನ್ನು ಹದವಾಗಿ ಕಾಯಿಸಿ, ತಣಿಸಿ, ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡಿಗೆ ಕಳಿಸುವ ಕೆಲಸ ಸಿಕ್ಕಾಗ ಮರುಮಾತಿಲ್ಲದೆ ಒಪ್ಪಿಕೊಂಡಿದ್ದರು. ವಾರ್ಡಿನ ದೊಡ್ಡ ನರ್ಸಮ್ಮ ದಿನಾ ಬಾಗಿಲಲ್ಲೇ ಕೂಗುತ್ತಿದ್ದಳು: “ಏನ್ ಥರ್ಮಾಮೀಟರ್ ತಾತಾ, ಇವತ್ತು ಹಾಲಿಗೆ ಜ್ವರ ಎಷ್ಟು?”

ಇವತ್ತು ಅವಳು ಬಾಗಿಲಲ್ಲಿ ನಿಂತು ಸೆರಗಿನ ತುದಿ ತಿರುವಿದಳು. “ಬಂದ್ರಾ ಸರ್?”

ತಾತ ಎನ್ನುವ ಮಾತು ಅವಳ ಬಾಯಿಂದ ಬರಲಿಲ್ಲ. ಅವರಿಗೆ ಅದು ಚುರುಕ್ಕೆಂದಿತು.

“ಮೇಲೆ ಹೊಸ ಕೂಸು ಬಂದಿದೆ ಸರ್. ಅಂಗೈಯಷ್ಟಿದೆ. ಮಧ್ಯಾಹ್ನದಿಂದ ಹಾಲು ಶುರು ಮಾಡ್ಬೇಕಂತೆ. ಆ ಸಣ್ಣ ಬಾಟಲಿಗಳಲ್ಲೇ ಕೊಡಿ, ಚೆಲ್ಲೋ ತಾಪತ್ರಯ ಇರಲ್ಲ.”

“ಆಯ್ತು.”

ಸಣ್ಣ ಬಾಟಲಿ ಅವರದೇ ಯೋಚನೆ. ಮೊಮ್ಮಗಳೂ ದಿನ ತುಂಬದೆ ಹುಟ್ಟಿ ಇದೇ ವಾರ್ಡಿಗೆ ಬಂದಿದ್ದಳು. ಮಗಳಿಗೆ ಹೆರಿಗೆಯಾದ ಮೇಲೆ ವಿಪರೀತ ಜ್ವರ. ಎದೆಯಲ್ಲಿ ಹಾಲು ಇಳಿಯಲಿಲ್ಲ. ಮೊಮ್ಮಗಳಿಗೆ ಒಂದು ಹೊತ್ತಿಗೆ ಬೇಕಾದದ್ದು ಒಂದು ಚಮಚ ಹಾಲು. ದೊಡ್ಡ ಬಾಟಲಿ ತೆರೆದರೆ ಉಳಿದದ್ದೆಲ್ಲ ಚರಂಡಿಗೆ. “ಚಿಕ್ಕ ಬಾಯಿಗೆ ಚಿಕ್ಕ ಬಾಟಲಿ” ಎಂದು ಅವರೇ ಹೆಬ್ಬೆರಳು ಗಾತ್ರದ ಗಾಜಿನ ಬಾಟಲಿಗಳನ್ನು ಹುಡುಕಿ ತಂದಿದ್ದರು. ಉಳಿದ ಕೂಸುಗಳಿಗೆ ಎಂದಿನಂತೆ ದೊಡ್ಡವು. ಮುತ್ತುಗಳನ್ನು ಜೋಡಿಸುವ ಹಾಗೆ ಆ ಪುಟಾಣಿಗಳನ್ನು ಬಿಸಿನೀರಿನ ತೊಟ್ಟಿಯಲ್ಲಿ ದೊಡ್ಡ ಬಾಟಲಿಗಳ ನಡುವೆ ಇಡುತ್ತಿದ್ದರು.

ಎರಡು ವಾರ ಮೊಮ್ಮಗಳು ಚೆನ್ನಾಗಿಯೇ ಇದ್ದಳು. ಆಮೇಲೆ ಹೊಟ್ಟೆ ತಮಟೆಯಂತೆ ಬಿಗಿಯಿತು, ಹಾಲುಣಿಸುವ ಕೊಳವೆಯಲ್ಲಿ ಹಸಿರು ಪಿತ್ತ ಬಂತು. ಕರುಳು ಕೊಳೆತಿತ್ತು. “ಇಷ್ಟು ಸಣ್ಣ ಮಕ್ಕಳಿಗೆ ಎದೆಹಾಲು ಕೊಟ್ರೂ ಒಮ್ಮೊಮ್ಮೆ ಹೀಗಾಗುತ್ತೆ,” ಎಂದಿದ್ದರು ಡಾಕ್ಟರಮ್ಮ. “ಯಾರ ತಪ್ಪೂ ಅಲ್ಲ.” ಕಾಯಿಸಿದ ಹಾಲಿನಲ್ಲಿ ಒಂದೇ ಒಂದು ರೋಗಾಣು ಬೆಳೆದಿಲ್ಲವೆಂದು ಪ್ರಯೋಗಾಲಯವೂ ಹೇಳಿತ್ತು. ಆ ಮಾತನ್ನೇ ಊರುಗೋಲಾಗಿ ಹಿಡಿದು ಅವರು ಇವತ್ತು ಇಲ್ಲಿಯವರೆಗೆ ನಡೆದು ಬಂದದ್ದು.

ಬ್ರಷ್ ತೆಗೆದುಕೊಂಡು ತೊಳೆಯಲು ನಿಂತರು. ದೊಡ್ಡ ಬಾಟಲಿಗಳು ಒಂದು ಸುತ್ತಿಗೇ ತಿಳಿಯಾದವು. ಸಣ್ಣದರಲ್ಲಿ ಬ್ರಷ್ ತಿರುಗಿಸಿ ಬೆಳಕಿಗೆ ಹಿಡಿದರು. ಗಾಜಿನ ಒಳಗೋಡೆಗೆ ಮಂಜು ಕವಿದಂತೆ ಬಿಳಿ ಪೊರೆ. ಮತ್ತೆ ಉಜ್ಜಿದರು. ಹೋಗಲಿಲ್ಲ. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲೂ.

ಆ ಪೊರೆಯನ್ನು ಅವರು ಡೈರಿಯ ಕೊಳವೆಗಳಿಂದ ಬುಟ್ಟಿಗಟ್ಟಲೆ ಕೆರೆಸಿದ್ದರು.

ಹಾಲಿನ ಪ್ರೋಟೀನುಗಳೆಲ್ಲ ಒಂದೇ ಸ್ವಭಾವದವಲ್ಲ. ಕೇಸಿನ್ ಎಂಬುದು ಗಟ್ಟಿಪಿಂಡ, ಕುದಿಸಿದರೂ ಜಗ್ಗುವುದಿಲ್ಲ. ನೀರಿನಂಶದಲ್ಲಿ ಕರಗಿಕೊಂಡಿರುವ ಉಳಿದವು ಮಡಿಸಿಟ್ಟ ಬಟ್ಟೆಯಂತೆ. ಮಡಿಕೆ ಇರುವವರೆಗೆ ಮಾತ್ರ ಅವುಗಳ ಕೆಲಸ. ಬಿಸಿ ಎಪ್ಪತ್ತು ಡಿಗ್ರಿ ದಾಟಿತೆಂದರೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ, ಬಿಚ್ಚಿಕೊಂಡವು ಪರಸ್ಪರ ಅಂಟುತ್ತವೆ, ಗಾಜಿಗೆ, ಉಕ್ಕಿಗೆ ಅಂಟುತ್ತವೆ. ಡೈರಿಯಲ್ಲಿ ಅದು ಬೇಕಾದದ್ದೇ: ತೊಂಬತ್ತಕ್ಕೆ ಕಾಯಿಸಿದ ಹಾಲಿನ ಮೊಸರು ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿ. ಎದೆಹಾಲಿನಲ್ಲಿ ಮಾತ್ರ ಆ ಮಡಿಕೆಗಳೇ ಕೂಸಿನ ಕರುಳಿನ ಕಾವಲುಗಾರರು. ಅದಕ್ಕೇ ಅರವತ್ತೆರಡೂವರೆ ಡಿಗ್ರಿ, ಅರ್ಧ ಗಂಟೆ. ರೋಗಾಣು ಸಾಯಬೇಕು, ಕಾವಲಿನವರಲ್ಲಿ ಸಾಕಷ್ಟು ಮಂದಿ ಬದುಕಬೇಕು. ಕಾವಲಿನವರು ಸತ್ತರೂ ಹಾಲು ಬೆಳ್ಳಗೇ ಇರುತ್ತದೆ.

ತಪ್ಪಿದ್ದೆಲ್ಲಿ ಎಂದು ಹುಡುಕಬೇಕಾಗಲಿಲ್ಲ. ಥರ್ಮಾಮೀಟರ್ ಸಿಕ್ಕಿಸಿದ ಮುಚ್ಚಳ ಕೂರುತ್ತಿದ್ದದ್ದು ದೊಡ್ಡ ಬಾಟಲಿಗೆ ಮಾತ್ರ. ಅವರಿಗೂ ಅದೇ ಸರಿ ಎನಿಸಿತ್ತು. ನಿಧಾನವಾಗಿ ಕಾಯುವುದನ್ನು ನಂಬು, ಅದು ಕಾದರೆ ಎಲ್ಲವೂ ಕಾದಂತೆ: ಡೈರಿಯಲ್ಲಿ ಹೊಸಬರಿಗೆಲ್ಲ ಅವರು ಕಲಿಸುತ್ತಿದ್ದ ಮೊದಲ ಪಾಠ. ದೊಡ್ಡ ಬಾಟಲಿ ಬೇಗ ಮೇಲೇರಲೆಂದು ತೊಟ್ಟಿಯ ನೀರನ್ನು ಎಂಬತ್ತಕ್ಕೆ ಇಡುತ್ತಿದ್ದರು. ಬಾಟಲಿ ಅರವತ್ತೆರಡೂವರೆ ಮುಟ್ಟಿದ ಕೂಡಲೇ ತಣ್ಣೀರು ಬೆರೆಸಿ ನೀರಿನ ಬಿಸಿಯನ್ನು ಅಷ್ಟಕ್ಕೇ ಇಳಿಸಿ ಅರ್ಧ ಗಂಟೆ ಬಿಡುತ್ತಿದ್ದರು. ಅಷ್ಟು ಹೊತ್ತು ಆ ಹೆಬ್ಬೆರಳು ಗಾತ್ರದ ಬಾಟಲಿಗಳು ಸುಡುನೀರಿನಲ್ಲಿ ಏನಾಗುತ್ತಿದ್ದವು ಎಂದು ಕೇಳುವ ಥರ್ಮಾಮೀಟರ್ ಅಲ್ಲಿರಲಿಲ್ಲ.

ಮೂಲೆಯಲ್ಲಿ ಪಾತ್ರೆ ತೊಳೆಯುವ ಕ್ಷಾರದ ಕ್ಯಾನಿತ್ತು. ಒಂದು ತೊಟ್ಟು ಹಾಕಿದರೆ ಪೊರೆ ಕರಗುತ್ತದೆ. ಇವತ್ತಿನಿಂದ ನೀರಿನ ಬಿಸಿ ಇಳಿಸಿದರೆ ಹೊಸ ಕೂಸಿಗೂ ತೊಂದರೆಯಿಲ್ಲ. ಡಾಕ್ಟರಮ್ಮ ಹೇಳಿದ್ದು ಹೇಳಿದ ಹಾಗೇ ಉಳಿಯುತ್ತದೆ. ಅವರು ಕ್ಯಾನ್ ಎತ್ತಿಕೊಂಡು ಮುಚ್ಚಳ ತಿರುಗಿಸಿದರು.

“ಅಪ್ಪಾ.”

ಮಗಳು. ಮುಖ ಬಿಳಿಚಿಕೊಂಡಿತ್ತು, ಕೂದಲು ಬಾಚಿರಲಿಲ್ಲ. ಎದೆಗವಚಿದ್ದ ಕೈಯಲ್ಲಿ ಟವಲಿನಲ್ಲಿ ಸುತ್ತಿದ ಬಾಟಲಿ.

“ನೀನ್ಯಾಕಮ್ಮ ಎದ್ದು ಬಂದೆ?”

“ಇನ್ನೇನ್ ಮಾಡ್ಲಿ? ಈಗ ಬರ್ತಿದೆ ನೋಡು, ಬೇಕಾದಾಗ ಬರ್ಲಿಲ್ಲ. ರವಿಕೆ ಎಲ್ಲ ತೊಯ್ದು ಹೋಗುತ್ತೆ.” ಬಾಟಲಿಯನ್ನು ಮೇಜಿನ ಮೇಲಿಟ್ಟಳು. “ನರ್ಸಮ್ಮ ಹೇಳಿದ್ರು, ಹೊಸ ಮಗು ಬಂದಿದೆಯಂತೆ. ಅದಕ್ಕಾದ್ರೂ ಆಗ್ಲಿ.”

ಅವಳ ಕಣ್ಣು ತೊಳೆಯುವ ತೊಟ್ಟಿಯ ಕಡೆ ಹೋಯಿತು.

“ಅವಳ ಬಾಟಲಿಗಳಲ್ವಾ?”

“ಹೂಂ.”

ಒಂದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು. “ಮನೇಲಿ ಎಲ್ರೂ ನನಗೆ ಸಮಾಧಾನ ಹೇಳ್ತಾರೆ ಅಪ್ಪಾ. ಅತ್ತೆ ಅಂತೂ ಇಡೀ ದಿನ ಹಣೆಬರಹ, ಹಣೆಬರಹ ಅಂತ ತಲೆ ತಿಂತಾರೆ. ಒಂದೂ ಕಿವಿಗೆ ಹೋಗಲ್ಲ. ನಂಗಿರೋದು ಒಂದೇ ಸಮಾಧಾನ. ನನ್ ಕೈಲಿ ಆಗ್ಲಿಲ್ಲ, ಆದ್ರೆ ಅವಳು ಕುಡಿದ ಒಂದೊಂದ್ ಹನೀನೂ ನೀನೇ ಕಾಯಿಸಿದ್ದು. ಬೇರೆ ಯಾರೋ ಅಲ್ಲ.”

ಕ್ಯಾನನ್ನು ಅವರು ನೆಲಕ್ಕಿಟ್ಟರು. ಮುಚ್ಚಳ ಕೈಯಲ್ಲೇ ಉಳಿಯಿತು. ಬೇರೇನು ಹೇಳಿದ್ದರೂ ಸುಮ್ಮನಿದ್ದುಬಿಡುತ್ತಿದ್ದರೇನೋ. ಈ ಸಮಾಧಾನವನ್ನು ಮಾತ್ರ ತೆಗೆದುಕೊಳ್ಳಲು ಅವರ ಕೈ ಮುಂದಾಗಲಿಲ್ಲ.

“ಕೂತ್ಕೋ,” ಎಂದರು. “ನಿನ್ನ ಹಾಲು ಫ್ರಿಜ್ಜಲ್ಲಿ ಇಡ್ತೀನಿ. ಇದು ಹಾಳಾಗ್ಬಾರ್ದು.”

“ಕಾಯಿಸಲ್ವಾ?”

“ಮೊದ್ಲು ಒಂದು ನೋಡ್ಬೇಕು. ನೀನೂ ನೋಡ್ಬೇಕು.”

ದೊಡ್ಡ ಬಾಟಲಿಯೊಂದಕ್ಕೆ, ಸಣ್ಣದೊಂದಕ್ಕೆ ತಣ್ಣೀರು ತುಂಬಿದರು. ದೊಡ್ಡದಕ್ಕೆ ಎಂದಿನ ಥರ್ಮಾಮೀಟರ್. ಬೀರುವಿನಿಂದ ಹಳೆಯ ಗಾಜಿನದನ್ನು ತೆಗೆದು, ಹತ್ತಿ ಸುತ್ತಿ, ಸಣ್ಣ ಬಾಟಲಿಯ ಬಾಯಿಗೆ ಸಿಕ್ಕಿಸಿದರು. ತೊಟ್ಟಿಯ ನೀರು ಎಂಬತ್ತಕ್ಕೆ ಬಂತು. ಎರಡನ್ನೂ ಒಟ್ಟಿಗೆ ಇಳಿಸಿದರು.

“ಏನಪ್ಪಾ ಇದು?”

“ಇಷ್ಟು ದಿನ ನಾನು ದೊಡ್ಡದನ್ನ ಮಾತ್ರ ನೋಡ್ತಿದ್ದೆ. ಅವಳ ಹಾಲು ಇದ್ದದ್ದು ಸಣ್ಣದರಲ್ಲಿ. ಇದು ಎಪ್ಪತ್ತು ದಾಟಿದ್ರೆ ಹಾಲಿನಲ್ಲಿ ಮಗೂನ ಕಾಯೋದೆಲ್ಲ ಹೆಚ್ಚುಕಮ್ಮಿ ಸತ್ತೇ ಹೋಗುತ್ತೆ. ಬರೀ ಬಿಳಿ ನೀರು. ಅದರಿಂದಾನೇ ಹೋದ್ಲು ಅಂತ ಯಾರೂ ಹೇಳಕ್ಕಾಗಲ್ಲ. ಅಲ್ಲ ಅಂತಾನೂ ಹೇಳಕ್ಕಾಗಲ್ಲ. ಡಾಕ್ಟರಮ್ಮಂಗೂ ಇವತ್ತೇ ಹೇಳ್ತೀನಿ. ಮೊದ್ಲು ನಿಂಗೆ.”

ಅವಳು ಕುರ್ಚಿಯನ್ನು ತೊಟ್ಟಿಯ ಹತ್ತಿರಕ್ಕೆ ಎಳೆದುಕೊಂಡಳು. ಮೊದಲ ಸಲ ಕಲಿಯಲು ಬಂದವಳಂತೆ ಮೊಣಕೈ ಊರಿ ಗಾಜಿನ ಕಡೆ ಬಾಗಿದಳು. ಅವಳ ರವಿಕೆಯ ಮೇಲೆ ಒದ್ದೆ ಹರಡುತ್ತಿತ್ತು.

ದೊಡ್ಡದು ಐವತ್ತು ದಾಟಿತು. ಐವತ್ತೆಂಟು.

“ದೊಡ್ಡದು ಅರವತ್ತೆರಡೂವರೆ,” ಎಂದರು ಅವರು, ಕೊನೆಗೆ. “ಸಣ್ಣದನ್ನ ನೀನೇ ಓದು. ನನ್ನ ಕಣ್ಣು ಮಂಜು.”

ಅವಳು ಉಗಿಯನ್ನು ಬೆರಳಿನಿಂದ ಒರೆಸಿ ಓದಿದಳು.

“ಎಪ್ಪತ್ತೇಳು ಡಿಗ್ರಿ.”