ಯಂತ್ರದ ಕೈಗೆ ವಾರದ ರಜೆ

"ಇದು ದಣಿಯುವುದಿಲ್ಲ, ರಜೆ ಕೇಳುವುದಿಲ್ಲ" ಎಂದು ಎಂಜಿನಿಯರ್ ಶಿವಶಂಕರ ಘೋಷಿಸಿದಾಗ ಊದುಬತ್ತಿ ಶೆಡ್ಡಿನ ಮಾಲೀಕ ಸದಾಶಿವಪ್ಪನವರ ಕಣ್ಣು ತೇವವಾಯಿತು. ಸಣ್ಣ ಕಾರ್ಖಾನೆಗಳನ್ನು ಹೊಸ ಶತಮಾನಕ್ಕೆ ತಳ್ಳುವ ಯೋಜನೆಯೊಂದರಲ್ಲಿ ಆ ರೋಬೋಟಿನ ಕೈ ಮೈಸೂರಿನಿಂದ ಹನೂರಿಗೆ ಲಾರಿ ಹತ್ತಿ ಬಂದಿತ್ತು. ಪೊಟ್ಟಣಗಳನ್ನು ಎತ್ತಿ ಡಬ್ಬಕ್ಕೆ ಜೋಡಿಸುವುದು ಅದರ ಕೆಲಸ. ಇಷ್ಟು ವರ್ಷ ಮಾದೇವಮ್ಮ ಮಾಡಿದ್ದೂ ಅದನ್ನೇ. ಅವಳು ರಜೆ ಕೇಳುತ್ತಿದ್ದಳು, ಅಷ್ಟೇ ವ್ಯತ್ಯಾಸ. ಇನ್ನು ಮೇಲೆ ಅವಳು ಪೊಟ್ಟಣಗಳನ್ನು ಅದರ ಮುಂದೆ ಸಾಲಾಗಿ ಇಡಬೇಕಿತ್ತು.

ವಾರಕ್ಕೊಂದು ದಿನ ಶಾಗ್ಯ ಹಳ್ಳಿಯ ತನ್ನ ಮನೆಯಲ್ಲಿ ಹಗಲು ಹೊತ್ತು ಮಲಗಬೇಕು. ಅವಳಿಗಿದ್ದದ್ದು ಅದೊಂದೇ ಆಸೆ.

"ದೇವ್ರಿಗೆ ದಿನಾ ಪೂಜೆ ಇದ್ದದೋ ಇಲ್ವೋ?" ಎನ್ನುತ್ತಿದ್ದರು ಸದಾಶಿವಪ್ಪ.

"ಇದ್ದದು ಸಾ."

"ಮತ್ತೆ ಊದ್‌ಬತ್ತಿಗ್ಯಾವ ರಜಾ? ಓಗು, ಕೆಲ್ಸ ನೋಡು."

ಆಯುಧಪೂಜೆಯಂದು ರೋಬೋಟಿನ ಮೊಣಕೈಗೆ ವಿಭೂತಿ ಬಿತ್ತು, ಚೆಂಡು ಹೂವಿನ ಹಾರ ಬಿತ್ತು, ಎತ್ತಿನ ಗಂಟೆಯೂ ಬಂತು. ಬಸವ ಎಂದು ಹೆಸರಿಟ್ಟರು. ತಂತ್ರಜ್ಞಾನವು ಜನರ ಹೃದಯ ಮುಟ್ಟಿದ್ದನ್ನು ಮೇಲಿನವರಿಗೆ ತೋರಿಸಲು ಶಿವಶಂಕರ ಫೋಟೊ ತೆಗೆದುಕೊಂಡ.

ಮುಂದಿನ ಸೋಮವಾರ ಅವನು ಸ್ವಿಚ್ಚಿಗೆ ಕೈ ಹಾಕುತ್ತಲೇ ಸದಾಶಿವಪ್ಪ ಅಡ್ಡ ಬಂದರು.

"ಏನ್ ಸಾ, ಸ್ವಾಮಾರ ಬಸವನ್ನ ಊಡದಾ? ಈ ಸೀಮೇಲಿ ಸ್ವಾಮಾರ ಯಾರಾರೂ ಎತ್ತಿಗೆ ನೊಗ ಕಟ್ಟದ ಕಂಡಿದ್ದೀರಾ?"

"ಇದು ಎತ್ತಲ್ಲ, ಕಬ್ಬಿಣ."

"ಪೂಜೆ ಆಗಗಂಟ ಕಬ್ಣ. ಈಗ ಮಾದಪ್ಪನ ಬಸವ. ಅವ ಮುನಿಸ್ಕಂಡ್ರೆ ನಿಮ್ ಆಫೀಸು ಬಂದು ಸಮಾಧಾನ ಮಾಡದಾ?"

ಕೈಪಿಡಿಯಲ್ಲಿ ಇದಕ್ಕೆ ಅಧ್ಯಾಯವಿರಲಿಲ್ಲ. ಶೆಡ್ಡಿನ ಚರಿತ್ರೆಯ ಮೊದಲ ವಾರದ ರಜೆ ಹೀಗೆ ರಜೆ ಕೇಳದ ಯಂತ್ರಕ್ಕೆ ಸಿಕ್ಕಿತು. ಅದರ ಪಾಲಿನ ಡಬ್ಬಗಳನ್ನೂ ಮಾದೇವಮ್ಮನೇ ತುಂಬಿದಳು.

ಮರು ಸೋಮವಾರ ಮಾದೇವಮ್ಮ ಬಂದಾಗ ಹಣೆಯ ತುಂಬ ವಿಭೂತಿ, ಕೊರಳಲ್ಲಿ ಚೆಂಡು ಹೂವಿನ ಹಾರ, ಗಂಟೆ. ನೇರ ಹೋಗಿ ರೋಬೋಟಿನ ಪಕ್ಕ ಕುಳಿತಳು.

"ಇದೇನಮ್ಮಿ ಯೇಸ?"

"ಗುಡೀಲಿ ಪೂಜೆ ಮಾಡುಸ್ಕಂಡ್ ಬಂದೀನಿ ಸಾ. ಇವತ್ತು ನನ್ನ ಊಡಂಗಿಲ್ಲ."

"ನೀನೇನು ಬಸವನಾ?"

"ಅವ್ನ ಜೋಡಿ ಸಾ. ನಾ ಇಟ್ರೆ ತಾನೆ ಅವ ಎತ್ತದು? ಜೋಡೀಲಿ ಒಂದ ಬುಟ್ಟು ಒಂದ ಊಡುದ್ರೆ ಮಾದಪ್ಪ ಒಪ್ಕಂಡನಾ? ನೀವೇ ಏಳಿ."

ತಲೆ ಅಲ್ಲಾಡಿಸಿದಳು, ಗಂಟೆ ಸದ್ದಾಯಿತು. ಬುದ್ಧಿ ತಡೆಯುವ ಮೊದಲೇ ಸದಾಶಿವಪ್ಪನವರ ಕೈಗಳು ಮುಗಿದುಕೊಂಡವು. ಶೆಡ್ಡಿನ ಹೆಂಗಸರೆಲ್ಲ ನೋಡುತ್ತಿದ್ದರು. ಮುಗಿದ ಕೈಯನ್ನು ಹಿಂತೆಗೆಯುವುದು ಹೇಗೆ?

"ಓಗವ್ವ" ಎಂದರು. "ನಾಳೆ ಬಿರ್ರನೆ ಬಾ."

'ರೋಬೋಟಿನಿಂದ ಕಾರ್ಮಿಕರ ಬದುಕು ಸುಧಾರಿಸಿದೆ' ಎಂದು ಶಿವಶಂಕರ ಮೈಸೂರಿಗೆ ಬರೆದ. ಅವನ ವರದಿಯಲ್ಲಿ ನಿಜವಾಗಿದ್ದ ವಾಕ್ಯ ಅದೊಂದೇ. ಅಷ್ಟು ಹೊತ್ತಿಗೆ ಮಾದೇವಮ್ಮ ಶಾಗ್ಯದಲ್ಲಿ ಗಂಟೆಯನ್ನೂ ಬಿಚ್ಚದೆ ಮಲಗಿದ್ದಳು. ಮಗ್ಗುಲು ಬದಲಿಸಿದಾಗಲೆಲ್ಲ ಅದು ಸದ್ದು ಮಾಡುತ್ತಿತ್ತು, ಅವಳಿಗೆ ಎಚ್ಚರವಾಗಲಿಲ್ಲ.