ಕೆರೆಯಂಗಳದಲ್ಲಿ ಗೆದ್ದ ಬೈಕು

ದೊಡ್ಡತಾಯಮ್ಮನ ಕಾಲು ನೆಲಕ್ಕೆ ಎಟುಕಲಿಲ್ಲ. ಬತ್ತಿದ ಕೆರೆಯ ಅಂಗಳದಲ್ಲಿ ಬಿಳಿಯ ಬೈಕಿನ ಮೇಲೆ ಕುಳಿತು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲಿ, ಹೆಬ್ಬೆರಳ ತುದಿಯಿಂದ ಆಕೆ ನೆಲವನ್ನು ಹುಡುಕುತ್ತಿದ್ದಳು. ಅದನ್ನು ನೋಡಿ ನಾನು ನಕ್ಕಿದ್ದೆ. ಎಷ್ಟೋ ವರ್ಷಗಳಾದವು, ಆದರೂ ಆ ನಗು ನೆನಪಾದಾಗಲೆಲ್ಲ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಆಕೆ ನಮ್ಮ ಊರಿನ ಸಣ್ಣ ಆಸ್ಪತ್ರೆಯ ನರ್ಸು. ಊರಿಂದ ಒಂಬತ್ತು ಮೈಲಿ ದೂರದಲ್ಲಿ ಬೆಟ್ಟ, ಬೆಟ್ಟದ ನೆತ್ತಿಯಲ್ಲಿ ನಲವತ್ತು ಗುಡಿಸಲುಗಳ ಹಾಡಿ. ಬುಡದಿಂದ ಮೇಲಕ್ಕೆ ಐದು ಮೈಲಿ ಕಲ್ಲುದಾರಿ. ಜೇನು, ಸೀಗೆ ಎಂದು ಕಾಡು ಸುತ್ತುವ ಜನಕ್ಕೆ ಹಾವಿನ ಕಾಟ. ಹಾವಿನ ಔಷಧಿಯನ್ನು ಐಸಿನಲ್ಲೇ ಇಡಬೇಕಾದ್ದರಿಂದ ಅದು ಆಸ್ಪತ್ರೆ ಬಿಟ್ಟು ಕದಲುತ್ತಿರಲಿಲ್ಲ. ಕಚ್ಚಿಸಿಕೊಂಡವರನ್ನು ಕಂಬಳಿಯಲ್ಲಿ ಹೊತ್ತು ಇಳಿಸುವಷ್ಟರಲ್ಲಿ ಜೀವ ಹೋಗಿರುತ್ತಿತ್ತು. ಔಷಧಿಯೇ ಬೆಟ್ಟ ಹತ್ತಲಿ, ನನಗೊಂದು ಗಾಡಿ ಕೊಡಿಸಿ ಎಂದು ದೊಡ್ಡತಾಯಮ್ಮ ಎರಡು ವರ್ಷ ಸಿಕ್ಕಸಿಕ್ಕವರನ್ನೆಲ್ಲ ಕೇಳಿದ್ದಳು.

ಕೊನೆಗೆ ಒಪ್ಪಿದವರು ಕಲ್ಲುಕ್ವಾರಿಯ ಗುರುಮಲ್ಲಪ್ಪನವರು. ಅವರ ಅಳಿಯ ಶೋಕಿಗೆ ತಂದು, ಶೋಕಿ ತೀರಿದ ಮೇಲೆ ಬಿಟ್ಟುಹೋದ ಮೂರು ಬೈಕುಗಳು ಅವರ ಶೆಡ್ಡಿನಲ್ಲಿದ್ದವು. ಮೂರರಲ್ಲಿ ಒಂದು ಆಸ್ಪತ್ರೆಗೆ. ಯಾವುದೆಂದು ಹೇಳಲು ನನ್ನನ್ನು ಕರೆಸಿದರು. ನಾನು ಗ್ಯಾರೇಜಿನವನು, ಮಣ್ಣಿನ ರೇಸಿನಲ್ಲಿ ಎರಡು ಕಪ್ ಗೆದ್ದವನು. ತಲೆ ಆಗಲೇ ತಿರುಗಿತ್ತು.

ಮೊದಲನೆಯದು ಎಂಡ್ಯೂರೋ. ದೀಪ, ಕನ್ನಡಿ, ಹಾರನ್ನು, ನಂಬರ್ ಪ್ಲೇಟು ಎಲ್ಲವೂ ಇದ್ದ, ಟಾರು ರಸ್ತೆಗೂ ಕಾಡುದಾರಿಗೂ ಸಲ್ಲುವ ಗಾಡಿ. ತೂಕ ಜಾಸ್ತಿ, ಆದರೆ ಸೀಟು ತಗ್ಗು, ಹಿಂದೆ ಕ್ಯಾರಿಯರ್ ಬೇರೆ. ರೇಸಿನವರಾದ ನಾವು ಅಂಥದ್ದನ್ನು ಹೇಸರಗತ್ತೆ ಎನ್ನುತ್ತಿದ್ದೆವು. ಎರಡನೆಯದು ಚಿಕ್ಕ ಕೆಂಪು ಬೈಕು, ಕೆರೆಯ ಏರಿ ಹತ್ತುವುದರೊಳಗೇ ಏದುಸಿರು ಬಿಟ್ಟಿತು. ಮೂರನೆಯದು ಈ ಬಿಳಿಯದು. ದೀಪವಿಲ್ಲ, ನಂಬರಿಲ್ಲ, ನಿಲ್ಲಿಸಲು ಸ್ಟ್ಯಾಂಡ್ ಕೂಡ ಇಲ್ಲ. ಆದರೆ ಆಕ್ಸಿಲರೇಟರ್ ತಿರುವಿದರೆ ಮೈಯೆಲ್ಲ ಜುಮ್ಮೆನ್ನುತ್ತಿತ್ತು.

ರೇಸಿನವರು ಹೇಗೆ ನೋಡುತ್ತಾರೋ ಹಾಗೆಯೇ ನಾನು ನೋಡಿದೆ. ಗಡಿಯಾರ ಹಿಡಿದು ಸುತ್ತು ಹೊಡೆದೆ, ದಿಬ್ಬದಿಂದ ಹಾರಿಸಿದೆ, ನಡುವೆ ಉಳಿದಿದ್ದ ಕೆಸರಿನಲ್ಲಿ ನುಗ್ಗಿಸಿದೆ. ಎಂಡ್ಯೂರೋ ಒಂದು ಸುತ್ತು ಮುಗಿಸುವಷ್ಟರಲ್ಲಿ ಬಿಳಿಯದು ಹೆಚ್ಚುಕಡಿಮೆ ಎರಡು ಸುತ್ತು ಮುಗಿಸುತ್ತಿತ್ತು. ಔಷಧಿಯ ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ದೊಡ್ಡತಾಯಮ್ಮ ಜಾಲಿಮರದ ಕೆಳಗೆ ಕೂತಿದ್ದಳು. ಅದನ್ನು ಒಂದು ಬೈಕಿಗಾದರೂ ಕಟ್ಟಿ ನೋಡೋಣ ಎಂದು ನನಗೆ ಹೊಳೆಯಲೇ ಇಲ್ಲ.

"ತಮ್ಮ, ನಂಗೆ ನೆಲನೇ ಸಿಕ್ಕದಿಲ್ಲ ಕಣಪ್ಪ," ಎಂದಳು ಆಕೆ ಬಿಳಿಯ ಬೈಕಿನ ಮೇಲಿಂದ. "ಏರಲ್ಲಿ ನಿಂತೋದ್ರೆ ಏನ್ ಮಾಡ್ಲಿ? ನಂಗೆ ಆ ದೀಪ ಇರೋದೇ ಸಾಕು. ನಿಧಾನ್ವಾಗಿ ಹೋಯ್ತೀನಿ."

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ!" ಎಂದೆ ನಾನು. "ನಿಂತ್ರೆ ತಾನೆ ಅಕ್ಕ ಕಾಲು ಬೇಕಾಗಾದು? ಇದು ನಿಲ್ಲಾದೇ ಇಲ್ಲ."

ಗುರುಮಲ್ಲಪ್ಪನವರು ಹೊಟ್ಟೆ ಕುಲುಕಿಸಿ ನಕ್ಕರು. ಕೊಡುವವರ ಮುಂದೆ ಹೆಚ್ಚು ಮಾತಾಡಬಾರದು ಎಂದುಕೊಂಡಳೋ ಏನೋ, ದೊಡ್ಡತಾಯಮ್ಮ ಸುಮ್ಮನೆ ಇಳಿದಳು. ಬಿಳಿಯದೇ ಆಸ್ಪತ್ರೆಯ ಪಾಲಾಯಿತು. ಮಿಕ್ಕ ಎರಡನ್ನೂ ಗುರುಮಲ್ಲಪ್ಪನವರು ಅದೇ ವಾರ ಮಾರಿಬಿಟ್ಟರು.

ನಂಬರಿಲ್ಲದ ಗಾಡಿ ಟಾರು ರಸ್ತೆಗೆ ಇಳಿಯುವಂತಿರಲಿಲ್ಲ. ಅದಕ್ಕೂ ನನ್ನ ಬಳಿ ಉಪಾಯವಿತ್ತು. ಬೆಟ್ಟದ ಬುಡದ ಟೀ ಅಂಗಡಿಯ ಹಿಂದೆ ಬೈಕು ಇರಲಿ, ಅಲ್ಲಿಯವರೆಗೆ ಅಕ್ಕ ಬಸ್ಸಿನಲ್ಲಿ ಬರಲಿ ಎಂದೆ. ಇನ್ನೊಂದು ತೊಡಕೂ ಇತ್ತು. ರೇಸ್ ಎಂಜಿನ್ನಿನ ಆಯಸ್ಸನ್ನು ನಾವು ಮೈಲಿಯಲ್ಲಿ ಅಳೆಯುವುದಿಲ್ಲ, ಗಂಟೆಯಲ್ಲಿ ಅಳೆಯುತ್ತೇವೆ. ಮೂವತ್ತು ಗಂಟೆ ಓಡಿತೆಂದರೆ ಬಿಚ್ಚಿ ಪಿಸ್ಟನ್ ಬದಲಿಸಬೇಕು. ರೇಸಿನವನಿಗೆ ಅದು ಅರ್ಧ ವರ್ಷದ ಮಾತು. ವಾರಕ್ಕೆ ಮೂರು ಸಲ ಬೆಟ್ಟ ಹತ್ತಿಳಿಯುವ ನರ್ಸಿಗೆ ಎರಡು ತಿಂಗಳೂ ಬಾರದು. "ಅದೆಲ್ಲ ನಂದು ಬುಡಕ್ಕ," ಎಂದು ಎದೆ ತಟ್ಟಿಕೊಂಡಿದ್ದೆ.

ಮೊದಲ ಸಲ ಮಾತು ಉಳಿಸಿಕೊಂಡೆ. ಆ ದಿನಗಳಲ್ಲಿ ದೊಡ್ಡತಾಯಮ್ಮ ಡಬ್ಬಿಯನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತಿ, ಕೊಳಕುಮಂಡಲ ಕಚ್ಚಿದ ಒಬ್ಬ ಬಾಣಂತಿಯನ್ನು ಉಳಿಸಿದಳು. ಊರೆಲ್ಲ ನನ್ನನ್ನೂ ಹೊಗಳಿತು. ನಾನು ಹಿಗ್ಗಿದೆ.

ಎರಡನೆಯ ಸಲ ಆಕೆಯೇ ಗ್ಯಾರೇಜಿಗೆ ಬಂದಳು. "ತಮ್ಮ, ಸೌಂಡು ಬ್ಯಾರೆ ಆಗದೆ. ಡಬ್ಬದೊಳಗೆ ಕಲ್ಲಾಕಿ ಅಲ್ಲಾಡ್ಸಿದಂಗೆ ಆಯ್ತದೆ."

"ಪಿಸ್ಟನ್ ಇನ್ನೂ ಬಂದಿಲ್ಲಕ್ಕ. ಬಂದ ತಕ್ಷಣ ಹಾಕ್ಕೊಡ್ತೀನಿ. ಅಲ್ಲೀಗಂಟ ಹೆಂಗೋ ಓಡಿಸ್ತಿರು."

ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಪಿಸ್ಟನ್ ಬಂದು ನಾಲ್ಕು ದಿನವಾಗಿತ್ತು. ನನ್ನ ರೇಸ್ ಬೈಕೂ ಅದೇ ಕಂಪನಿಯದು, ಅದೇ ಅಳತೆಯದು. ಆ ಭಾನುವಾರ ದೂರದ ಊರಿನಲ್ಲಿ ರೇಸಿತ್ತು. ಅವಳಿಗೆಂದು ತರಿಸಿದ ಪಿಸ್ಟನ್ನನ್ನು ನನ್ನ ಬೈಕಿಗೆ ಹಾಕಿಕೊಂಡು ಹೊರಟೆ. ಒಂದು ವಾರ ತಡವಾದರೆ ಏನು ಮಹಾ ಎಂದುಕೊಂಡಿದ್ದೆ. ರೇಸಿನಲ್ಲಿ ಎರಡನೆಯ ಸುತ್ತಿಗೇ ಬಿದ್ದು ಹೊರಗಾದೆ.

ನಾನು ಮರಳಿ ಬಂದಾಗ ಎಲ್ಲ ಮುಗಿದಿತ್ತು. ಟೀ ಅಂಗಡಿಯವನು ಹೇಳಿದ. ಶನಿವಾರ ಬೆಳಗಿನ ಬಸ್ಸಿಳಿದ ದೊಡ್ಡತಾಯಮ್ಮನಿಗೆ, ಬೆಟ್ಟ ಇಳಿದು ಓಡಿಬಂದವರು ಹಾಡಿಯ ಜಡೆಮಾದನಿಗೆ ನಾಗರ ಕಚ್ಚಿದ ಸುದ್ದಿ ಕೊಟ್ಟರಂತೆ. ಡಬ್ಬಿ ಬೆನ್ನಿಗೇರಿಸಿ ಹೊರಟಳು. ನಾಲ್ಕನೆಯ ತಿರುವಿನ ಕಡಿದಾದ ಏರಿನಲ್ಲಿ ಎಂಜಿನ್ ಕಚ್ಚಿಕೊಂಡು ನಿಂತಿತು. ಊರಲೆಂದು ಆಕೆ ಕಾಲು ಚಾಚಿದಳು. ನೆಲ ಸಿಗಲಿಲ್ಲ. ಬೈಕಿನ ಸಮೇತ ಕೆಳಕ್ಕೆ ಉರುಳಿದಳು. ಮಂಡಿ ಒಡೆದುಕೊಂಡೇ ಮೂರು ಮೈಲಿ ಕುಂಟುತ್ತ ಹತ್ತಿದಳು. ಔಷಧಿಯ ಸೀಸೆಗಳು ಒಡೆದಿರಲಿಲ್ಲ. ಜಡೆಮಾದನ ಉಸಿರು ನಿಂತು ಅರ್ಧ ಗಂಟೆಯಾಗಿತ್ತು.

ಆ ಬೈಕನ್ನು ಬಿಚ್ಚಿ ನೋಡಿದೆ. ಸಿಲಿಂಡರ್ ಸೀಳಿತ್ತು, ಒಳಗಿನ ರಾಡು ಬಾಗಿತ್ತು. ಅದು ಇನ್ನು ಏಳುವ ಗಾಡಿಯಾಗಿರಲಿಲ್ಲ. ಗುರುಮಲ್ಲಪ್ಪನವರ ಬಳಿ ಹೋದರೆ, "ಕೊಟ್ಟಿದ್ದನ್ನೇ ನೆಟ್ಟಗೆ ಇಟ್ಕೊಳ್ದೋರ್ಗೆ ಇನ್ನೇನ್ ಕೊಡಾದು?" ಎಂದು ಒಳಗೆ ಹೋದರು.

ಮಂಡಿ ಸ್ವಲ್ಪ ಮಾಗಿದ ಮೇಲೆ ದೊಡ್ಡತಾಯಮ್ಮ ಮತ್ತೆ ನಡೆದೇ ಬೆಟ್ಟ ಹತ್ತತೊಡಗಿದಳು. ಒಂದು ದಿನ ನಾನೂ ಜೊತೆಗೆ ಹೋದೆ, ಡಬ್ಬಿ ಹೊತ್ತುಕೊಂಡೆ. ದಾರಿಯುದ್ದಕ್ಕೂ ಆಕೆ ಪಿಸ್ಟನ್ನಿನ ಮಾತು ಎತ್ತಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಜಡೆಮಾದನ ಹೆಂಡತಿ ಕೇತಮ್ಮ ಗುಡಿಸಲ ಮುಂದೆ ಚಾಪೆ ಹಾಸಿ, ಬೇಯಿಸಿದ ಗೆಣಸು ತಂದಿಟ್ಟಳು. ನಾನು ಯಾರೆಂದು ಕೇಳಿದಳು.

"ಗಾಡಿ ರಿಪೇರಿಯವ್ರು," ಎಂದಳು ದೊಡ್ಡತಾಯಮ್ಮ, ಅಷ್ಟೇ.

ಕೇತಮ್ಮನ ಮುಖ ಅರಳಿತು. "ನಮ್ಮೊವ್ನಿಗಂತೂ ದಕ್ಕನಿಲ್ಲ ಕಣಣ್ಣ. ಇನ್ನೊಬ್ರಿಗಾದ್ರೂ ಬೇಕಾಯ್ತದೆ. ಆ ಗಾಡಿ ರೆಡಿ ಮಾಡ್ಕೊಟ್ಬುಡಿ."

ಆಗುವುದಿಲ್ಲ ಎನ್ನಬೇಕಿತ್ತು. ಆಗುವುದಿಲ್ಲ ಏಕೆ ಎಂಬುದನ್ನೂ ಹೇಳಬೇಕಿತ್ತು.

"ಆಯ್ತಕ್ಕ, ಮಾಡ್ಕೊಡ್ತೀನಿ," ಎಂದೆ.

"ಯಾವತ್ತು ಬತ್ತದೆ?"

"ಸೋಮವಾರ."

ದೊಡ್ಡತಾಯಮ್ಮ ನನ್ನನ್ನೊಮ್ಮೆ ನೋಡಿ, ಡಬ್ಬಿ ಎತ್ತಿಕೊಂಡು ಪಕ್ಕದ ಗುಡಿಸಲಿಗೆ ನಡೆದಳು. ಕೇತಮ್ಮ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಸೋಮವಾರಕ್ಕೆ ಇನ್ನೆಷ್ಟು ದಿನವೆಂದು ಒಂದೊಂದೇ ಬೆರಳು ಮಡಚಿ ಎಣಿಸತೊಡಗಿದಳು.